ಬಳ್ಳಿಗೆ ಕಟ್ಟಿದ ನೆರಳು

ಕಳೆದ ಬೇಸಿಗೆಯಲ್ಲಿ ಆಳುಗಳು ಬಾರದೆ, ಚೆಟ್ಟಳ್ಳಿಯ ನಮ್ಮ ತೋಟದ ಎಳೆಯ ಮೆಣಸಿನ ಬಳ್ಳಿಗಳಿಗೆಲ್ಲ ನಾನೊಬ್ಬಳೇ ನೆರಳು ಕಟ್ಟಿದೆ. ಮಧ್ಯಾಹ್ನದ ಬಿಸಿಲು ಹೊಡೆಯುವ ಮಗ್ಗುಲಿಗೆ ಒಣ ಅಡಿಕೆ ಸೋಗೆಯಿಟ್ಟು ಬಳ್ಳಿ ಹಬ್ಬಿದ ಮರಕ್ಕೆ ಬಿಗಿಯಬೇಕು. ಇಲ್ಲದಿದ್ದರೆ ಬಳ್ಳಿ ಸುಟ್ಟುಹೋಗುತ್ತದೆ. ಕೆಲಸ ಮುಗಿಸಿ ಸಂಜೆ ಸ್ನಾನಕ್ಕೆ ಹೋಗಿ ಬಿಸಿನೀರು ಹೊಯ್ದುಕೊಂಡಾಗಲೇ ಬಿಸಿಲಿಗೆ ನನ್ನ ಕತ್ತು ಸುಟ್ಟದ್ದು ತಿಳಿದದ್ದು.

ನನ್ನ ಕೂಗಿಗೆ ಗಂಡ ಕೊಬ್ಬರಿ ಎಣ್ಣೆ ಹಿಡಿದು ಓಡಿಬಂದ. ಅತ್ತೆ ಬಾಟಲಿ ಕಸಿದುಕೊಂಡರು.

“ಉರಿ ಇಳಿಯೋ ಮೊದ್ಲೇ ಎಣ್ಣೆ ಹಚ್ತಾರೇನೋ?”

ಹಳೆಯ ಪಂಚೆಯ ತುಂಡನ್ನು ತಣ್ಣೀರಲ್ಲಿ ಅದ್ದಿ ಕತ್ತಿನ ಮೇಲೆ ಹಾಕಿದರು. ಬಟ್ಟೆ ಬೆಚ್ಚಗಾದಂತೆಲ್ಲ ಮತ್ತೆ ಅದ್ದಿದರು. ಆಮೇಲೆ ಲೋಳೆಸರದ ತಿರುಳು ಸವರುತ್ತ ಗೊಣಗಿದರು:

“ಬಳ್ಳಿಗೆ ಯಾವ ಕಡೆಯಿಂದ ಬಿಸ್ಲು ಬೀಳುತ್ತೆ ಅಂತ ಗೊತ್ತು. ನಿನ್ ಕತ್ತಿಗೆ ಬೀಳೋದು ಗೊತ್ತಾಗ್ಲಿಲ್ವಾ?”

ಸಿಟ್ಟು ಬಂತು. ಬಿಸಿಲು ಬೀಳುವ ಮಗ್ಗುಲಿಗೆ ಸೋಗೆ ಕಟ್ಟಬೇಕಾದರೆ ಬಿಸಿಲಿಗೆ ಬೆನ್ನು ಕೊಟ್ಟೇ ನಿಲ್ಲಬೇಕು. ಗಂಟು ಬೀಳುವವರೆಗೆ ಒಂದೊಂದು ಬಳ್ಳಿಗೂ ನೆರಳಾಗಿದ್ದದ್ದು ಇದೇ ಕತ್ತು.