ಗಂಡು ಮೀನಿಗೊಂದು ಕನ್ನಡಿ

ಓಣಿಯವರೆಲ್ಲ ಟೈಲರಕ್ಕ ಎನ್ನುತ್ತಿದ್ದ ಆ ಹೆಂಗಸಿನ ಗಂಡ, ಗ್ಯಾರೇಜಿನಲ್ಲಿ ನುಜ್ಜುಗುಜ್ಜಾದ ಕಾರುಗಳನ್ನು ಬಡಿದು ನೇರ ಮಾಡುವವನು. ಅಡ್ಡಹೆಸರು ಸುತ್ತಿಗೆ. ಕಾರಿಗೆ ಬಡಿದದ್ದು ಸಾಲದೆಂಬಂತೆ ಮನೆಗೆ ಬಂದು ಇವಳಿಗೂ ಬಡಿಯುತ್ತಿದ್ದ. ಮಾಲೀಕ ಬೈದ ದಿನವಂತೂ ಕೇಳುವುದೇ ಬೇಡ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಪಕ್ಕದ ಮನೆಯಾಕೆ ಸಮಾಧಾನ ಹೇಳುತ್ತಿದ್ದಳು. ಆ ಗಾದೆ ಕಟ್ಟಿದವನಿಗೆ ಉಂಡ ಮೇಲೆ ಏಟು ಬಿದ್ದಿರಲಿಕ್ಕಿಲ್ಲ.

ಟೈಲರಕ್ಕನ ಜೀವಕ್ಕೆ ತಂಪೆಂದರೆ ಹೊಲಿಗೆ ಯಂತ್ರದ ಪಕ್ಕದ ಗಾಜಿನ ತೊಟ್ಟಿ. ಅದರಲ್ಲೊಂದು ಜೋಡಿ ಸಿಕ್ಲಿಡ್ ಮೀನು, ಆಗಷ್ಟೇ ಈಜಲು ಕಲಿತ ಸಾಸಿವೆಯಷ್ಟು ಮರಿಗಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಲೈನಿಂಗ್ ಬಟ್ಟೆಯ ಚೂರಿನಲ್ಲಿ ಕಟ್ಟಿ, ನೀರಿನಲ್ಲಿ ಹಿಂಡಿ ಉಣಿಸುತ್ತಿದ್ದಳು. ಹಿಂದಿನ ಸಲ ಒಂದು ಮರಿಯೂ ಉಳಿದಿರಲಿಲ್ಲ. ಈ ಸಲ ಉಳಿಸಿಕೊಂಡೇ ತೀರಬೇಕೆಂದು ಹಟ ತೊಟ್ಟಿದ್ದಳು. ಅಷ್ಟರಲ್ಲಿ ಗಂಡು ಮೀನು ಹೆಣ್ಣನ್ನು ಮೂಲೆಗಟ್ಟಿ ಕಚ್ಚತೊಡಗಿತು. ರೆಕ್ಕೆ ಚಿಂದಿಯಾಯಿತು, ಪಕ್ಕೆಯ ಹುರುಪೆ ಕಿತ್ತುಬಂತು. ಆದರೂ ಅದು ಮರಿಗಳನ್ನು ಹೊಟ್ಟೆಯಡಿ ಸೇರಿಸಿಕೊಂಡೇ ನಿಂತಿತ್ತು.

ಮೀನಿನಂಗಡಿಯವನ ಹತ್ತಿರ ಓಡಿದಳು.

"ಹೊರಗೆ ಹಗೆ ಕಾಣದಿದ್ರೆ ಗಂಡು ಮನೆಯವಳ ಮೇಲೇ ಬೀಳುತ್ತೆ ಅಕ್ಕಾ," ಎಂದ ಅವನು. "ಗಾಜಿಗೊಂದು ಕನ್ನಡಿ ಒರಗಿಸಿ. ಅದ್ರಲ್ಲಿರೋದು ಬೇರೆ ಗಂಡು ಅಂದ್ಕೊಂಡು ಗುದ್ದಾಡ್ತಾ ಇರ್ಲಿ."

ಗಿರಾಕಿಗಳು ನೋಡಿಕೊಳ್ಳುವ ಆಳೆತ್ತರದ ಕನ್ನಡಿಯನ್ನೇ ಎಳೆದು ತಂದು ತೊಟ್ಟಿಯ ಹಿಂಬದಿಗೆ ಒರಗಿಸಿದಳು. ಗಂಡು ಅದರ ಮೇಲೆ ಮುಗಿಬಿತ್ತು, ಮೂತಿ ಜಜ್ಜಿಹೋದರೂ ಬಿಡಲಿಲ್ಲ. ಹೆಣ್ಣು ನಿರಾಳವಾಗಿ ಮರಿ ಮೇಯಿಸಿತು. ಅದನ್ನು ನೋಡಿ ಅವಳಿಗೆ ನಗು ಬಂತು, ಹೊಟ್ಟೆಕಿಚ್ಚೂ ಬಂತು.

ಸುತ್ತಿಗೆ ಅಂದು ಸಂಜೆ ಕೆಲಸ ಕಳೆದುಕೊಂಡು ಬಂದ.

"ಮೀನಿಗೆ ಕನ್ನಡಿ ಬೇರೆ ಕೇಡು!" ಎಂದವನೇ ಜಡೆ ಹಿಡಿದೆಳೆದು ಅವಳ ಮುಖವನ್ನು ಹೊಲಿಗೆ ಯಂತ್ರಕ್ಕೆ ಅಪ್ಪಳಿಸಿದ. ತುಟಿ ಸೀಳಿತು. ಮತ್ತೊಂದು ಏಟಿಗೆ ಸ್ಟೂಲ್ ಎತ್ತಿದವನಿಗೆ, ಎದುರಿಗೆ ಸ್ಟೂಲ್ ಎತ್ತಿ ನಿಂತ ಗಂಡಸೊಬ್ಬ ಕಂಡ. ಆ ಮುಖ ಅವನಿಗೆ ಸಹಿಸಲಾಗಲಿಲ್ಲ. ಅದರ ಮೇಲೇ ಬೀಸಿದ. ಕನ್ನಡಿಯ ಜೊತೆ ತೊಟ್ಟಿಯೂ ಒಡೆಯಿತು.

ನೀರು ಬದಲಿಸಲು ತುಂಬಿಟ್ಟ ಎರಡು ಬಕೆಟ್ ಅಲ್ಲೇ ಇದ್ದವು. ಗಾಜು ಅಂಗೈ ಕೊಯ್ಯುತ್ತಿದ್ದರೂ ಅವಳು ತೊಟ್ಟಿಯ ತಳದಲ್ಲಿ ಉಳಿದ ನೀರಿನಿಂದ ತಾಯಿಯನ್ನೂ ಮರಿಗಳನ್ನೂ ಬೊಗಸೆ ಬೊಗಸೆಯಾಗಿ ಎತ್ತಿ ಒಂದಕ್ಕೆ ಹಾಕಿಕೊಂಡಳು. ಗಂಡು ಮೀನು ನೆಲದ ಮೇಲೆ ಒದ್ದಾಡುತ್ತಿತ್ತು.

"ಅದನ್ನೂ ಎತ್ತೇ, ಸಾಯುತ್ತೆ," ಎಂದ ಸುತ್ತಿಗೆ, ಏದುಸಿರು ಬಿಡುತ್ತ.

"ಇದ್ರಲ್ಲಿ ಹಾಕಿದ್ರೆ ಇವಳು ಸಾಯ್ತಾಳೆ." ಅವಳು ಬಾಯಿಯ ರಕ್ತ ಉಗುಳಿದಳು. "ಆ ಬಕೆಟ್‌ನಲ್ಲೂ ನೀರಿದೆ. ನೀವೇ ಎತ್ತಿ ಹಾಕ್ಕೊಳ್ಳಿ. ಇಬ್ರೂ ಒಟ್ಟಿಗಿರಿ."

ತಾಯಿ ಮರಿಗಳ ಬಕೆಟ್ ಹಿಡಿದು ಹೊರಬಿದ್ದಳು. ಅವಳ ಒಡಹುಟ್ಟಿದ ಅಕ್ಕನ ಮನೆ ಇದ್ದದ್ದು ನಾಲ್ಕು ಓಣಿ ಆಚೆ. ಅಲ್ಲಿಯ ತನಕ ನೀರು ತುಳುಕದ ಹಾಗೆ ನಡೆಯುವುದೊಂದೇ ಆಗ ಅವಳಿಗಿದ್ದ ಚಿಂತೆ.