ಕಾಕುವಿನ ಗೋಡೆಯ ಕೆಂಪು ಬಾಣ

ಕಳೆದ ವಾರ ಗೇಟಿಗೆ ಬಣ್ಣ ಹಚ್ಚಲು ಬಂದ ಪೇಂಟರ್ ಕೆಂಪು ಬಣ್ಣದ ಡಬ್ಬಿ ತೆರೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬಣ್ಣದ ವಾಸನೆಗೆ ಹೆದರುವ ಹೆಂಗಸು ಬೆಟಗೇರಿಯಲ್ಲಿ ಈಗ ನಾನೊಬ್ಬಳೇ ಇರಬೇಕು. ಮೊದಲು ಇಬ್ಬರಿದ್ದೆವು. ಇನ್ನೊಬ್ಬಳು ಪಕ್ಕದ ಮನೆಯ ಕಾಕು.

ಎರಡು ಮನೆಗಳ ನಡುವೆ ಒಂದೇ ಗೋಡೆ. ರಂಜಾನಿಗೆ ನಮ್ಮ ಸುರಕುಂಬಾ ಪಾಯಸ ಆಚೆ ಹೋಗುತ್ತಿತ್ತು, ಪಂಚಮಿಗೆ ಅವಳ ಉಂಡಿ ಈಚೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಬರುತ್ತಿದ್ದದ್ದು ಮಗ್ಗದ ಸದ್ದು. ಅವಳ ಗಂಡ ಕಾಕಾ ತೀರಿಕೊಂಡ ಮೇಲೆ ಮಗ್ಗಕ್ಕೆ ಕೂತವಳು ಅವಳೇ. ಅದು ಕುಣಿಮಗ್ಗ. ರಸ್ತೆಗೆ ತಾಗಿದ ಪಡಸಾಲೆಯ ನೆಲ ಅಗೆದು ಕುಣಿ ಮಾಡಿದ್ದರು. ಅದರೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಕಟ್ಟಿಗೆಯ ಮಗ್ಗವನ್ನಾದರೆ ಹೊತ್ತುಕೊಂಡು ಹೋಗಬಹುದು, ಕುಣಿಯನ್ನು ಎಲ್ಲಿಗೆ ಹೊರುವುದು? ಹಿಂದೆ ಅಡುಗೆಮನೆ ಬಿಟ್ಟರೆ ಅವಳಿಗೆ ಬೇರೆ ಜಾಗವೇ ಇರಲಿಲ್ಲ.

ನಮ್ಮ ಬೆಟಗೇರಿಗೆ ಅಂಟಿಕೊಂಡ ಗದಗ ಹೊಸ ಜಿಲ್ಲೆಯಾಯಿತು. ಕಚೇರಿಗಳು, ಜೀಪುಗಳು, ಸಾಹೇಬರು ಎಲ್ಲ ಹೆಚ್ಚಾದರು. ನಮ್ಮ ಮನೆಯ ಮುಂದಿನದು ಆಗ ರಾಜ್ಯ ಹೆದ್ದಾರಿ. ಒಂದು ದಿನ ಹೆದ್ದಾರಿಯವರು ಬಂದು, ರಸ್ತೆ ಅಗಲ ಮಾಡುವುದಿದೆ ಎಂದು ಸಾಲುಮನೆಗಳ ಗೋಡೆಗೆಲ್ಲ ಕೆಂಪು ಬಾಣ ಬರೆದು ಹೋದರು. ಬಾಣವಿದ್ದ ಮನೆಯ ಮುಂದಿನ ಕೋಣೆ ಹೋಗುತ್ತದೆ ಎಂದು ಅದರ ಅರ್ಥ. ನಮ್ಮ ಕೋಣೆಯಲ್ಲಿದ್ದದ್ದು ನನ್ನ ಗಂಡನ ಹೊಲಿಗೆ ಮಶಿನ್ನು, ಎತ್ತಿ ಎಲ್ಲಿಯಾದರೂ ಇಡಬಹುದಿತ್ತು. ಕಾಕುವಿನ ಕೋಣೆಯಲ್ಲಿದ್ದದ್ದು ಮಗ್ಗ...

ಒಡೆಯಲು ಯಾರೂ ಬರಲಿಲ್ಲ. ಅಷ್ಟರಲ್ಲಿ ಊರ ಹೊರಗೆ ಬೈಪಾಸ್ ಆಯಿತು, ಊರೊಳಗಿನ ರಸ್ತೆಯನ್ನು ನಗರಸಭೆಗೆ ಹಸ್ತಾಂತರ ಮಾಡುತ್ತಾರೆಂಬ ಸುದ್ದಿ ಬಂತು. ನಾವು ಉಸಿರು ಬಿಟ್ಟೆವು. ನಮ್ಮ ಊರಿನವರ ಕೈಗೆ ಬಂದ ಮೇಲೆ ನಮ್ಮ ಮನೆ ಒಡೆದಾರೆಯೇ? ಕೊಡುವ ಸಾಹೇಬರು, ತೆಗೆದುಕೊಳ್ಳುವ ಸಾಹೇಬರು ಕೂಡಿಯೇ ರಸ್ತೆ ನೋಡಲು ಬಂದ ದಿನ ಕಾಕು ಅವರಿಗೆ ಚಹಾ ಕೊಟ್ಟು, ಗೋಡೆ ತೋರಿಸಿ ಕೇಳಿದಳು:

"ಸಾಹೇಬ್ರ, ರಸ್ತಾ ಊರಿಂದಾತಲ್ರಿ. ಇನ್ನ ಈ ಬಾಣ ಅಳಸಲೇನ್ರಿ?"

"ನಾವು ರಸ್ತಾ ಕೊಟ್ಟಾತು ಯವ್ವಾ, ಅವರನ್ನ ಕೇಳು," ಎಂದರು ಹೆದ್ದಾರಿಯವರು.

"ನಾವು ಬರ್ದಿದ್ದಲ್ಲ. ಅಳಸು ಅಂತ ನಾವು ಹ್ಯಾಂಗ ಹೇಳೂಣು?" ಎಂದರು ನಗರಸಭೆಯವರು.

ಚಹಾ ಕುಡಿದು ಇಬ್ಬರೂ ಹೊರಟುಹೋದರು. ರಸ್ತೆಗೆ ಹೊಸ ಯಜಮಾನ ಸಿಕ್ಕ, ಬಾಣಕ್ಕೆ ಯಾರೂ ಇಲ್ಲವಾದರು. ಯಾರಾದರೂ ಇದ್ದಿದ್ದರೆ ಅವರಿಗೆ ಕೈ ಮುಗಿದು ಬೇಡಬಹುದಿತ್ತು. ನಮ್ಮ ನಿಜವಾದ ಹೆದರಿಕೆ ಶುರುವಾದದ್ದು ಅಂದಿನಿಂದ. ಅಳಿಸಿದರೆ ಕೇಸ್ ಹಾಕುತ್ತಾರೆಂದು ಯಾರೋ ಅಂದರು. ದೀಪಾವಳಿಗೆ ಕಾಕು ಬಾಣವೊಂದನ್ನು ಬಿಟ್ಟು ಸುತ್ತ ಸುಣ್ಣ ಬಳಿದಳು. ಅವಳನ್ನು ನೋಡಿ ನಾನೂ ಹಾಗೆಯೇ ಬಳಿದೆ. ಬಿಳಿ ಗೋಡೆಯ ಮೇಲೆ ಅದು ಇನ್ನಷ್ಟು ಕೆಂಪಗೆ ಕಾಣುತ್ತಿತ್ತು.

ರಸ್ತೆಯಲ್ಲಿ ದೊಡ್ಡ ಗಾಡಿ ಸದ್ದು ಮಾಡಿದರೆ ಸಾಕು, ಆಚೆ ಮಗ್ಗ ನಿಲ್ಲುತ್ತಿತ್ತು. ನನ್ನ ಕೈಯ ಲಟ್ಟಣಿಗೆಯೂ ನಿಲ್ಲುತ್ತಿತ್ತು.

ಅವಳ ಭಯ ಏನೆಂದು ಒಮ್ಮೆ ಅವಳೇ ಹೇಳಿದ್ದಳು. ಮಗ್ಗದ ಮೇಲಿನ ಉದ್ದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕಡಿಯುವುದಿಲ್ಲ. ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. "ನಿಮ್ಮ ಕಾಕಾ ಹೂಡಿದ ಎಳಿ ತಂಗಿ ಇದು. ಒಂದಕ್ಕೊಂದು ಕೂಡಿಸ್ಕೋಂತನ ಬಂದೇನಿ, ಒಮ್ಮೆನೂ ಕಡದಿಲ್ಲ. ಮಶಿನ್ ಬಂದು ಗ್ವಾಡಿ ಕೆಡವಿದ್ರ ಎಲ್ಲಾ ಹರಕೊಂಡು ಹೊಕ್ಕೈತಿ ನೋಡು," ಎಂದು ನೂಲಿನ ಮೇಲೆ ಕೈಯಾಡಿಸಿದಳು.

ಒಂದು ಮುಂಜಾನೆ ನೆಲವೇ ನಡುಗುವಂತೆ ಸದ್ದು ಕೇಳಿತು. ಕಿಟಕಿಯಲ್ಲಿ ಇಣುಕಿದರೆ ಹಳದಿ ಜೆಸಿಬಿ, ಹಿಂದೆ ನಗರಸಭೆಯ ಟ್ರ್ಯಾಕ್ಟರು.

"ತಂಗೀ, ಬಂತ!" ಆಚೆಯಿಂದ ಕಾಕು ಚೀರಿದಳು.

ನಾನು ಓಡಿದಾಗ ಅವಳು ಕತ್ತರಿ ಹಿಡಿದು ನಿಂತಿದ್ದಳು. "ಹಿಡಕೋ, ಗಟ್ಟಿ ಹಿಡಕೋ," ಎಂದು ಹಾಸಿನ ಒಂದು ತುದಿ ನನಗೆ ಕೊಟ್ಟು, ಕಣ್ಣು ಮುಚ್ಚಿ ಕಡಿದಳು. ಇದ್ದ ನೂಲು ಉಳಿದರೆ ಸಾಕು ಎಂದು ಬಾಚಿ ಎದೆಗವಚಿಕೊಂಡು ಇಬ್ಬರೂ ಹಿತ್ತಲಿಗೆ ಓಡಿದೆವು.

ಗೋಡೆ ಬೀಳಲಿಲ್ಲ. ಎಷ್ಟು ಹೊತ್ತಾದರೂ ಬೀಳಲಿಲ್ಲ. ಮೆಲ್ಲಗೆ ಮುಂದೆ ಬಂದು ನೋಡಿದರೆ ಜೆಸಿಬಿ ಗಟಾರದ ರಾಡಿ ಎತ್ತಿ ಟ್ರ್ಯಾಕ್ಟರಿಗೆ ಸುರಿಯುತ್ತಿತ್ತು. "ಗಟಾರ ಬಳ್ಯಾಕ ಬಂದೇವ್ರಿ," ಎಂದು ಡ್ರೈವರ್ ನಕ್ಕ, ಮುಂದಿನ ಮನೆಗೆ ಹೋದ.

ಕಾಕು ತನ್ನ ಕೈಯಲ್ಲಿದ್ದ ಎಳೆಗಳನ್ನು ನೋಡಿದಳು. "ನಾನ... ನನ್ನ ಕೈಲೆ ಕಡದಬಿಟ್ನಲ್ಲ ತಂಗಿ," ಎಂದಳು. ಅಷ್ಟೇ. ಆ ನಗರಸಭೆ, ಆ ಹೆದ್ದಾರಿ, ಎಲ್ಲರ ಮೇಲೂ ಆ ಹೊತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮತ್ತೆ ಹಾಸು ಹೂಡೋಣ ಎಂದು ನಾವೆಲ್ಲ ಹೇಳಿ ನೋಡಿದೆವು. "ಇನ್ನೊಮ್ಮೆ ಬಂದ್ರ?" ಎನ್ನುತ್ತಿದ್ದಳು. ಕುಣಿಯ ಮೇಲೆ ಹಲಗೆ ಹಾಕಿಸಿ, ಅದರ ಮೇಲೆ ಕೂತು ರಸ್ತೆ ನೋಡುತ್ತ ನೋಡುತ್ತ ಒಂದು ಚಳಿಗಾಲದಲ್ಲಿ ಹೋಗಿಬಿಟ್ಟಳು. ರಸ್ತೆ ಇವತ್ತಿಗೂ ಅಗಲವಾಗಿಲ್ಲ. ಅವಳ ಪಡಸಾಲೆಯಲ್ಲಿ ಈಗ ಮೊಬೈಲ್ ಅಂಗಡಿ, ಕುಣಿ ಮುಚ್ಚಿ ನೆಲಕ್ಕೆ ಫರಸಿ ಕಲ್ಲು ಹಾಕಿದ್ದಾರೆ.

ಗೇಟು ಮುಗಿಸಿದ ಪೇಂಟರ್ ನಮ್ಮ ಗೋಡೆ ನೋಡಿ, "ಅಕ್ಕಾರ, ಈ ಹಳೀ ಬಾಣದ ಮ್ಯಾಲೂ ಒಂದು ಕೈ ಎಳದಬಿಡ್ಲೇನ್ರಿ?" ಎಂದ.

"ಬ್ಯಾಡಪಾ, ಅದನ್ನ ಮುಟ್ಟಬ್ಯಾಡ," ಎಂದೆ. ಅವನು ಬ್ರಷ್ ಕೆಳಗಿಟ್ಟ. ಕಾಕು ಇದ್ದಿದ್ದರೆ ಗೋಡೆಯಾಚೆಯಿಂದ "ಛಲೋ ಮಾಡಿದಿ ತಂಗಿ" ಎನ್ನುತ್ತಿದ್ದಳು. ಒಂದು ಗಳಿಗೆ ಕಿವಿಗೊಟ್ಟು ನಿಂತೆ... ಆಚೆ ಅಂಗಡಿಯಲ್ಲಿ ಯಾವುದೋ ಫೋನು ಬಡಿದುಕೊಳ್ಳುತ್ತಿತ್ತು.