ಬ್ಯಾಟರಿಯ ತಳ ಕಾಣಲು ಬಿಡದ ಜಯಸಿಂಹ

ನಮ್ಮ ಗೋರೆಗಾಂವ್ ಬಿಲ್ಡಿಂಗಿನಲ್ಲಿ ಎದುರು ಮನೆಯ ಜಯಸಿಂಹರಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬರಿರಲಿಲ್ಲ. ಅಷ್ಟು ತಲೆ ತಿನ್ನುವ ಮನುಷ್ಯರೂ ಇರಲಿಲ್ಲ. ಮೈಸೂರಿನವರು, ದಾದರಿನ ಒಂದು ಪಂಪು ಕಂಪನಿಯಲ್ಲಿ ಸೇಲ್ಸ್ ಎಂಜಿನಿಯರ್. ಅವರ ಮನೆಯಲ್ಲಿ ಯಾವುದರ ತಳವೂ ಕಾಣಬಾರದು. ಅಕ್ಕಿ ಡಬ್ಬ ಅರ್ಧಕ್ಕಿಳಿಯುವ ಮೊದಲೇ ತುಂಬಬೇಕು, ದೇವರ ದೀಪಕ್ಕೆ ಆಗಾಗ ಎಣ್ಣೆ ಬೀಳುತ್ತಿರಬೇಕು. ‘ಅಕ್ಕಿ ಇಲ್ಲ’ ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಅವರ ತಾಯಿ ಅಮ್ಮಣ್ಣಿ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. ಆ ಮನೆಗೆ ಕಾಫಿಗೆಂದು ಹೋದರೆ ಲೋಟ ಖಾಲಿಯಾಗುವುದೇ ಇಲ್ಲ. ಮೇಲಿಂದ ಮೇಲೆ ಬಗ್ಗಿಸಿಕೊಂಡು ನಾನು ರಾತ್ರಿಯೆಲ್ಲ ಗೂಬೆಯ ಹಾಗೆ ಕೂತದ್ದಿದೆ.

ತೊಂಬತ್ತೆರಡರಲ್ಲಿ ಕಂಪನಿ ಅವರಿಗೊಂದು ಲ್ಯಾಪ್‌ಟಾಪ್ ಕೊಟ್ಟಿತು. ಕಟ್ಟಡ ಎಷ್ಟು ಮಹಡಿ ಎಂದು ಒತ್ತಿದರೆ ಯಾವ ಪಂಪು ಬೇಕೆಂದು ಹೇಳುತ್ತಿತ್ತು. ಐವತ್ತು ದಾಟಿದ ಮೇಲೆ ಒದ್ದಾಡಿ ಕಲಿತ ವಿದ್ಯೆ, ಅದಕ್ಕೇ ಅದರ ಮೇಲೆ ಜೀವ. ಅಮ್ಮಣ್ಣಿ ಅದಕ್ಕೆ ಕುಂಕುಮ ಹಚ್ಚಿ ಅಕ್ಷತೆ ಹಾಕಿದರು. ಕೀಲಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಅಕ್ಕಿಕಾಳು ತೆಗೆಯಲು ಹೇರ್‌ಪಿನ್ ಕೊಟ್ಟವಳು ನಾನೇ.

ಮೊದಲ ದಿನವೇ ಜಯಸಿಂಹ ಗಾಬರಿಯಿಂದ ಮನೆಗೆ ಬಂದರು. “ಅಮ್ಮ, ಇದರ ಬ್ಯಾಟರಿಯನ್ನ ತಿಂಗಳಿಗೊಂದ್ಸಲ ಪೂರ್ತಿ ಖಾಲಿ ಮಾಡ್ಬೇಕಂತೆ. ತಾನಾಗೇ ಆರಿಹೋಗೋ ತನಕ ಓಡಿಸಿ, ಆಮೇಲೆ ತುಂಬಿಸ್ಬೇಕಂತೆ. ಸ್ವಲ್ಪ ಸ್ವಲ್ಪವೇ ತುಂಬಿಸ್ತಾ ಇದ್ರೆ ಅದಕ್ಕೆ ಅಷ್ಟೇ ರೂಢಿಯಾಗ್ಬಿಡತ್ತಂತೆ.”

“ದೀಪ ಹಚ್ಚೋ ಮನೇಲಿ ಅಂಥ ಕೆಲಸ ಮಾಡ್ತಾರೇನೋ?” ಎಂದರು ಅಮ್ಮಣ್ಣಿ. ಅಲ್ಲಿಗೆ ತೀರ್ಮಾನವಾಯಿತು.

ಅಂದಿನಿಂದ ಬ್ಯಾಟರಿಗೂ ಕಾಫಿ ಲೋಟದ ಗತಿಯೇ. ಹತ್ತು ನಿಮಿಷ ಬಳಸುವುದು, ಪ್ಲಗ್ಗಿಗೆ ಸಿಕ್ಕಿಸುವುದು, ಹಸಿರು ದೀಪ ಕಂಡು ಸಂತೋಷಪಡುವುದು. ಗಿರಾಕಿಗಳ ಬಳಿ ಹೋಗುವ ದಿನ ಲೋಕಲ್ ರೈಲಿನ ಫಸ್ಟ್ ಕ್ಲಾಸಿನಲ್ಲಿ ಅದನ್ನು ತೊಡೆಯ ಮೇಲೆ ತೆರೆದಿಟ್ಟು ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ಹೊಸತರಲ್ಲಿ ಬ್ಯಾಟರಿ ಕೊನೆಯ ಸ್ಟೇಷನ್ ಚರ್ಚ್‌ಗೇಟ್ ತಲುಪಿದರೂ ಜಗ್ಗುತ್ತಿರಲಿಲ್ಲ. ಮಳೆಗಾಲದ ಹೊತ್ತಿಗೆ ಗ್ರಾಂಟ್ ರೋಡಿನಲ್ಲಿ ಆರತೊಡಗಿತು, ದಸರೆಗೆ ದಾದರಿನಲ್ಲಿ, ದೀಪಾವಳಿಗೆ ಮನೆ ಹತ್ತಿರದ ಅಂಧೇರಿಯಲ್ಲೇ. ಹಸಿರು ದೀಪ ಮಾತ್ರ ದಿನಾ ಬೆಳಿಗ್ಗೆ ತುಂಬಿದೆ ಎಂದೇ ಹೇಳುತ್ತಿತ್ತು. ತುಂಬಿದ್ದೇನೋ ನಿಜ, ಆದರೆ ಡಬ್ಬವೇ ಚಿಕ್ಕದಾಗಿತ್ತು! ಅಮ್ಮಣ್ಣಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು.

ಒಂದು ಸಂಜೆ ಜಯಸಿಂಹ ಮುಖ ಸಣ್ಣದು ಮಾಡಿಕೊಂಡು ಬಂದರು. ಮುಂದಿನ ವಾರ ಒಬ್ಬ ಬಿಲ್ಡರ್‌ಗೆ ಲ್ಯಾಪ್‌ಟಾಪಿನಲ್ಲಿ ಪಂಪಿನ ಲೆಕ್ಕ ತೋರಿಸಬೇಕು, ಅದೂ ಇನ್ನೂ ಕರೆಂಟು ಬಾರದ ಕಟ್ಟಡದಲ್ಲಿ. ಅಲ್ಲಿ ಮಧ್ಯದಲ್ಲೇ ಆರಿದರೆ ಲ್ಯಾಪ್‌ಟಾಪನ್ನು ಕಿರಿಯ ಸಹೋದ್ಯೋಗಿ ಶೇಖರನಿಗೆ ಕೊಡುವುದಾಗಿ ಸಾಹೇಬರು ಹೇಳಿದ್ದರಂತೆ. “ವಯಸ್ಸಾದವರಿಗೆ ಇವೆಲ್ಲ ಯಾಕೆ ಅಂದ್ರು ಕಣೇ,” ಎಂದು ಹೆಂಡತಿ ಕೌಸಲ್ಯಾಳಿಗೆ ಹೇಳುತ್ತ ಯಂತ್ರವನ್ನು ಟವೆಲಿನಿಂದ ಒರೆಸತೊಡಗಿದರು. ಬಾಗಿಲಲ್ಲಿ ನಿಂತಿದ್ದ ನನಗೂ ಸಂಕಟವಾಯಿತು. ಅಲ್ಲಿಯವರೆಗೆ ಯಂತ್ರಕ್ಕೆ ವಿಶ್ರಾಂತಿ ಎಂದು ಅದನ್ನು ಮನೆಯಲ್ಲೇ ಪ್ಲಗ್ಗಿಗೆ ಸಿಕ್ಕಿಸಿ ಆಫೀಸಿಗೆ ಹೋಗತೊಡಗಿದರು.

ಮರುದಿನ ಮಧ್ಯಾಹ್ನ, ಅಮ್ಮಣ್ಣಿ ಮಲಗಿದ ಮೇಲೆ, ಕೌಸಲ್ಯಾ ನನ್ನ ಬಾಗಿಲು ತಟ್ಟಿದಳು.

“ವನಮಾಲಾ, ಬಾರೇ. ಅದನ್ನ ಇವತ್ತು ಖಾಲಿ ಮಾಡ್ಬಿಡೋಣ.”

“ನಿಮ್ಮತ್ತೆಗೆ ಗೊತ್ತಾದ್ರೆ ನಮ್ಮಿಬ್ಬರನ್ನೂ ಖಾಲಿ ಮಾಡ್ತಾರೆ!”

“ಗೊತ್ತಾದ್ರೆ ತಾನೆ?”

ಅದರೊಳಗೆ ಒಂದು ಇಸ್ಪೀಟಾಟ ಇತ್ತು. ಇಸ್ಪೀಟು ಎಂದರೆ ಮೂಗು ಮುರಿಯುವ ಮನೆಯಲ್ಲಿ, ಅತ್ತೆಯ ಗೊರಕೆಯ ತಾಳಕ್ಕೆ, ನಾವು ರಾಜ ರಾಣಿಯರನ್ನು ಜೋಡಿಸುತ್ತ ಕೂತೆವು. ಅರ್ಧ ಆಟಕ್ಕೇ ಬ್ಯಾಟರಿ ತೀರುತ್ತ ಬಂದು ಯಂತ್ರ ಕುಂಯ್ ಎನ್ನತೊಡಗಿತು. ಕೌಸಲ್ಯಾ ತಟ್ಟನೆ ದಿಂಬು ಒತ್ತಿ ಹಿಡಿದಳು. ಸದ್ದು ನಿಂತಾಗ ದಿಂಬು ತೆಗೆದರೆ ಪರದೆ ಕಪ್ಪು. ಕೊಲೆ ಮಾಡಿದವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಪ್ಲಗ್ಗಿಗೆ ಸಿಕ್ಕಿಸಿದೆವು. ಸಂಜೆ ಜಯಸಿಂಹ ಬರುವಷ್ಟರಲ್ಲಿ ಹಸಿರು ದೀಪ ಸಾಧುವಿನಂತೆ ಉರಿಯುತ್ತಿತ್ತು.

ಮರುದಿನ ಒಂದು ಆಟ ಪೂರ್ತಿ ಮುಗಿಯಿತು. ಅದರ ಮರುದಿನ ಇನ್ನಷ್ಟು ಆಡಿದೆವು. ವಾರದ ಕೊನೆಗೆ ಆಡಿ ಆಡಿ ನಮಗೇ ಬೆರಳು ನೋವು ಬಂತೇ ಹೊರತು ಬ್ಯಾಟರಿ ಆರಲೊಲ್ಲದು. ಹೊಸದರ ಕಸುವೇನೂ ಮರಳಲಿಲ್ಲ. ಸವೆದದ್ದು ಸವೆದೇ ಇತ್ತು. ಆದರೂ ಬಿಲ್ಡರನ ಎದುರು ಒಂದು ಗಂಟೆ ಮಾನ ಉಳಿಸುವಷ್ಟು ಬಲ ಬಂದಿತ್ತು.

ಮಾನ ಉಳಿಯಿತು ಕೂಡ. ಆ ಸಂಜೆ ಜಯಸಿಂಹ ಪೇಡಾ ಹಿಡಿದು ಬಂದು ತಾಯಿಯ ಕಾಲಿಗೆ ಬಿದ್ದರು. ಲ್ಯಾಪ್‌ಟಾಪ್ ಅವರಲ್ಲೇ ಉಳಿಯಿತಂತೆ. “ಎಲ್ಲಾ ನೀನು ದೃಷ್ಟಿ ತೆಗೆದ ಪುಣ್ಯ ಅಮ್ಮ!” ಅಮ್ಮಣ್ಣಿ ಹೂಂಗುಟ್ಟಿ ಪೇಡಾ ತಿಂದರು. ನನಗೆ ಮೈಯೆಲ್ಲ ಉರಿಯಿತು. ಕೌಸಲ್ಯಾ ಮಾತ್ರ ಗಂಡನನ್ನೂ ನನ್ನನ್ನೂ ಅಡಿಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿಯೇಬಿಟ್ಟಳು: “ದೃಷ್ಟಿಯೂ ಅಲ್ಲ, ಪುಣ್ಯವೂ ಅಲ್ಲ. ನಾನೂ ವನಮಾಲಾನೂ ದಿನಾ ಅದನ್ನ ಸಾಯಿಸಿ ಸಾಯಿಸಿ ಬದುಕಿಸಿದ್ದು ಕಣ್ರೀ.”

ಜಯಸಿಂಹ ಪೇಡಾ ಡಬ್ಬವನ್ನು ನನ್ನ ಕೈಗಿಟ್ಟು ಹೊರಗೆ ಹೋದರು. ಎರಡು ದಿನ ಯಂತ್ರವನ್ನು ಪ್ಲಗ್ಗಿನಿಂದ ತೆಗೆಯಲೇ ಇಲ್ಲ. ಹುಟ್ಟಿದಾಗಿನಿಂದ ಅಮ್ಮನ ಮಾತು ಮೀರದ ಮನುಷ್ಯ. ಇನ್ನು ಆ ಬ್ಯಾಟರಿಯ ಕತೆ ಮುಗಿಯಿತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೂಕಡಿಸುತ್ತಿದ್ದ ತಾಯಿಯನ್ನು ಎಬ್ಬಿಸಿದರು. “ಅಮ್ಮ, ಏಳು. ಮಾಟುಂಗಾ ದೇವಸ್ಥಾನಕ್ಕೆ ಹೋಗಿ ಬರೋಣ. ನಿಧಾನಕ್ಕೆ ಬಂದರಾಯ್ತು.”

ಅಮ್ಮಣ್ಣಿಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದವರು ಚಪ್ಪಲಿ ಸರಿಮಾಡುವ ನೆಪದಲ್ಲಿ ಹಿಂತಿರುಗಿ ಬಂದರು. ಬಾಗಿಲಲ್ಲಿದ್ದ ನಮ್ಮಿಬ್ಬರನ್ನೂ ಕಳ್ಳನ ಹಾಗೆ ನೋಡಿ ಕೌಸಲ್ಯಾಳ ಕಿವಿಯ ಹತ್ತಿರ ಬಗ್ಗಿದರು.

“ಲ್ಯಾಪ್‌ಟಾಪ್ ಮಂಚದ ಮೇಲಿಟ್ಟಿದೀನಿ ಕಣೇ. ಪೂರ್ತಿ ಮುಗಿಸ್ಬಿಡಿ.”